ಹಲಗಿಗೂ ಜಾಗ, ಕಿಕ್‌ಗೂ ಜಾಗ: ಜಾನಪದ ಡಿಜೆ ಟ್ರ್ಯಾಕ್ ಕಟ್ಟುವ, ಮಿಕ್ಸ್ ಮಾಡುವ ಕೆಲಸ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಮನೆಯ ಕೋಣೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಜಾನಪದ ಹಾಡಿಗೆ ಎಲೆಕ್ಟ್ರಾನಿಕ್ ಬೀಟ್ ಕಟ್ಟುವವರು ಈಗ ಬಹಳ. ಅವರ ಟ್ರ್ಯಾಕ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಂದರೆ ಒಂದೇ. ಹಲಗಿ ಕೇಳುತ್ತಿಲ್ಲವೆಂದು ಏರಿಸಿದರೆ ಹಾಡಿನ ಮಾತು ಮುಳುಗುತ್ತದೆ. ದನಿ ಏರಿಸಿದರೆ ಕಿಕ್ (ಬೀಟಿನ ಆಳದ ‘ಧಂ’ ಪೆಟ್ಟು) ಸಪ್ಪೆಯಾಗುತ್ತದೆ. ಕಿಕ್ ಏರಿಸಿದರೆ ಒಟ್ಟು ಧ್ವನಿ ತೋರಿಸುವ ಮಾಸ್ಟರ್ ಮೀಟರ್ ಕೆಂಪಾಗಿ, ಮಟ್ಟ ಮಿತಿ ಮೀರದಂತೆ ತಡೆಯುವ ಲಿಮಿಟರ್ ಎಲ್ಲವನ್ನೂ ಒಟ್ಟಿಗೆ ಅಮುಕುತ್ತದೆ. ಆಮೇಲೆ ಹೊಸ ಪ್ಲಗಿನ್‌ಗಾಗಿ ಹುಡುಕಾಟ ಶುರು. ಆದರೆ ಮೂಲ ಕಾರಣ ಹಾಡನ್ನು ಕಟ್ಟಿದ ರೀತಿಯಲ್ಲೇ ಇರುತ್ತದೆ: ಒಂದೇ ಗಳಿಗೆಯಲ್ಲಿ, ಒಂದೇ ಫ್ರೀಕ್ವೆನ್ಸಿ ಪಟ್ಟಿಯಲ್ಲಿ, ಮೂರು ನಾಲ್ಕು ವಾದ್ಯ ಸೇರಿ ಬಾರಿಸುತ್ತಿರುತ್ತವೆ. ಇದನ್ನು ಇಕ್ಯೂ (ಬೇಕಾದ ಫ್ರೀಕ್ವೆನ್ಸಿಯನ್ನು ಏರಿಸಿ ಇಳಿಸುವ ಸಾಧನ) ಬಿಡಿಸಲಾರದು. ಯಾವ ವಾದ್ಯ ಯಾವಾಗ ಸುಮ್ಮನಿರಬೇಕು ಎಂದು ಅರೇಂಜ್‌ಮೆಂಟ್‌ನಲ್ಲಿ, ಅಂದರೆ ಹಾಡು ಕಟ್ಟುವಾಗಲೇ, ತೀರ್ಮಾನಿಸಿದರೆ ಎಲ್ಲ ಧ್ವನಿಗಳನ್ನು ಹೊಂದಿಸುವ ಮಿಕ್ಸ್‌ನ ಬಹುಪಾಲು ಕೆಲಸ ಅಲ್ಲಿಗೇ ಹಗುರಾಗುತ್ತದೆ.

ಇದರ ಹಿಂದೆ ಕಿವಿಯ ರಚನೆ ಇದೆ. ಒಳಗಿವಿ ಬಂದ ಧ್ವನಿಯನ್ನು ಫ್ರೀಕ್ವೆನ್ಸಿ ಪಟ್ಟಿಗಳಾಗಿ ಬಿಡಿಸಿಕೊಳ್ಳುತ್ತದೆ. ಒಂದೇ ಪಟ್ಟಿಗೆ ಎರಡು ಧ್ವನಿ ಒಟ್ಟಿಗೆ ಬಿದ್ದರೆ ಜೋರಿನದು ಮೆಲ್ಲನೆಯದನ್ನು ಮುಚ್ಚಿಬಿಡುತ್ತದೆ. ಅದರಲ್ಲೂ ಕೆಳಗಿನ ಧ್ವನಿ ತನ್ನ ಮೇಲಿನದನ್ನು ಮುಚ್ಚುವಷ್ಟು, ಮೇಲಿನದು ಕೆಳಗಿನದನ್ನು ಮುಚ್ಚುವುದಿಲ್ಲ. 250 ಹರ್ಟ್ಝ್ ಸುತ್ತ ದಪ್ಪ ಪ್ಯಾಡ್ (ಕೀಬೋರ್ಡಿನ ಉದ್ದ ಎಳೆದ ಸ್ವರ) ಹಾಸಿದರೆ 400ರಿಂದ 800 ಹರ್ಟ್ಝ್‌ವರೆಗಿನ ಹಾಡುಗಾರರ ದನಿಯ ತಿರುಳು ಮಂಕಾಗುವುದು ಇದಕ್ಕೇ. ಜೊತೆಗೆ ಲೆಕ್ಕದ ಮಾತೂ ಇದೆ. ಒಂದಕ್ಕೊಂದು ಸಂಬಂಧವಿಲ್ಲದ, ಸಮಾನ ಮಟ್ಟದ ಎರಡು ಧ್ವನಿ ಸೇರಿದರೆ ಒಟ್ಟು 3 ಡಿಬಿ (ಡೆಸಿಬೆಲ್) ಏರುತ್ತದೆ. ಒಂದೇ ಧ್ವನಿಯ ಎರಡು ಪ್ರತಿ ಸೇರಿದರೆ 6 ಡಿಬಿ. ಮೂರು ಕಿಕ್ ಸ್ಯಾಂಪಲ್ ಒಂದರ ಮೇಲೊಂದು ಪೇರಿಸಿದವರು ಹಾಡು ಶುರುವಾಗುವ ಮೊದಲೇ ಜಾಗವನ್ನೆಲ್ಲ ಖರ್ಚು ಮಾಡಿಕೊಂಡಿರುತ್ತಾರೆ.

ಮೊದಲು ನಡೆ

ಮಿಕ್ಸ್‌ಗಿಂತ ಮೊದಲು ತಾಳ ಸರಿಹೋಗಬೇಕು. ನಮ್ಮ ಕಡೆಯ ಬಹಳಷ್ಟು ಜಾನಪದ ಹಾಡುಗಳು ಆರು ಮಾತ್ರೆಯ ತೂಗುವ ನಡೆಯಲ್ಲಿವೆ: ಪ್ರತಿ ಬೀಟು ಮೂರು ಭಾಗವಾಗುತ್ತದೆ. ಸಿದ್ಧ ಡಿಜೆ ಲೂಪ್‌ಗಳು ಹೆಚ್ಚಾಗಿ ನಾಲ್ಕರ ನಡೆಯವು; ಅಲ್ಲಿ ಬೀಟು ಎರಡು, ನಾಲ್ಕು ಭಾಗವಾಗುತ್ತದೆ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟು) ಒಂದು ಬೀಟು 500 ಮಿಲಿಸೆಕೆಂಡ್. ಮೂರಾಗಿ ಒಡೆದರೆ ಪೆಟ್ಟುಗಳು 0, 167, 333ಕ್ಕೆ ಬೀಳುತ್ತವೆ. ನಾಲ್ಕಾಗಿ ಒಡೆದರೆ 0, 125, 250, 375ಕ್ಕೆ. ಹಲಗಿ 333ಕ್ಕೆ ಬಡಿದರೆ ಹೈಹ್ಯಾಟ್ (ಡ್ರಮ್‌ಸೆಟ್ಟಿನ ತಾಳದ ಸದ್ದು) 375ಕ್ಕೆ ಬಡಿಯುತ್ತದೆ. ನಡುವಿನ 42 ಮಿಲಿಸೆಕೆಂಡ್ ಅಂತರ ಎರಡು ಬೇರೆ ಪೆಟ್ಟುಗಳಾಗಿ ಕೇಳುವಷ್ಟು ದೊಡ್ಡದು. ಕಿವಿಗೆ ಅದು ಗದ್ದಲ. ಕೇಳುವವರು ‘ಮಿಕ್ಸ್ ಕ್ಲಿಯರ್ ಇಲ್ಲ’ ಎನ್ನುತ್ತಾರೆ, ಮಾಡುವವರು ಇಕ್ಯೂ ತೆರೆಯುತ್ತಾರೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಪ್ರಾಜೆಕ್ಟನ್ನು 12/8ಕ್ಕೆ (ನಾಲ್ಕು ಬೀಟು, ಒಂದೊಂದರಲ್ಲಿ ಮೂರು ಭಾಗ) ಇಡಿ, ಇಲ್ಲವೇ 4/4ರಲ್ಲೇ ಇಟ್ಟು ಪೆಟ್ಟುಗಳು ಕೂರುವ ಗ್ರಿಡ್ಡನ್ನು ಬೀಟಿನ ಮೂರನೇ ಒಂದು ಭಾಗಕ್ಕೆ ಬದಲಿಸಿ. ಎಫ್‌ಎಲ್ ಸ್ಟುಡಿಯೊ ಸಾಫ್ಟ್‌ವೇರ್‌ನಲ್ಲಿ ಸ್ನ್ಯಾಪ್ ಪಟ್ಟಿಯಿಂದ ‘1/3 ಬೀಟ್’ ಆರಿಸಬೇಕು, ಏಬಲ್‌ಟನ್‌ನಲ್ಲಿ ಟ್ರಿಪ್ಲೆಟ್ (ಮೂರರ) ಗ್ರಿಡ್ ಹಾಕಬೇಕು. ಕಿಕ್ ಪ್ರತಿ ಬೀಟಿಗೆ ನೆಟ್ಟಗೆ ಬೀಳಲಿ. ಹೈಹ್ಯಾಟ್, ಶೇಕರ್, ಆರ್ಪ್ (ಒಂದಾದ ಮೇಲೊಂದು ಬರುವ ಸಿಂಥ್ ಸ್ವರಗಳು), ಬೇಸ್ ಮಾತ್ರ ಮೂರರ ಲೆಕ್ಕ ಹಿಡಿಯಲಿ. ಧ್ವನಿಯನ್ನು ತಡವಾಗಿ ಮರುನುಡಿಸುವ ಡಿಲೇಗೂ ಇದೇ ನಿಯಮ. ಎಲ್ಲರೂ ರೂಢಿಯಿಂದ ಹಾಕುವ ಡಾಟೆಡ್ ಎಂಟರ (ಮುಕ್ಕಾಲು ಬೀಟಿನ) ಡಿಲೇ 375 ಮಿಲಿಸೆಕೆಂಡಿಗೆ ಬರುತ್ತದೆ, ಈ ನಡೆಯಲ್ಲಿ ಅದು ಕಾಲಿಗೆ ತೊಡರುತ್ತದೆ. 333 ಅಥವಾ 500 ಇಡಿ.

ಮೇಳವನ್ನು ನೇರವಾಗಿ ರೆಕಾರ್ಡ್ ಮಾಡಿದ್ದರೆ ವೇಗ ಒಂದೇ ಆಗಿರುವುದಿಲ್ಲ. ಬಾರಿಸುವವರಿಗೆ ಹುರುಪು ಏರಿದಂತೆ 116ರಲ್ಲಿ ಶುರುವಾದದ್ದು 124 ಮುಟ್ಟುವುದು ಸಹಜ. ಇದನ್ನು ಗ್ರಿಡ್ಡಿಗೆ ಎಳೆಯುವಾಗ ಪ್ರತಿ ಪೆಟ್ಟಿಗೂ ಮಾರ್ಕರ್ ಹಾಕಬಾರದು. ಬಾರಿನ (ನಾಲ್ಕು ಬೀಟಿನ ಒಂದು ಸುತ್ತು) ಮೊದಲ ಪೆಟ್ಟಿಗಷ್ಟೇ ಹಾಕಿ, ನಡುವಿನವನ್ನು ಹಾಗೇ ಬಿಡಿ. ಕೈಯ ತೂಗಾಟ ಅಲ್ಲೇ ಇದೆ, ಅದು ಹೋದರೆ ನಿಜವಾದ ಹಲಗಿ ರೆಕಾರ್ಡ್ ಮಾಡಿದ ಶ್ರಮವೇ ವ್ಯರ್ಥ. ಸ್ಟ್ರೆಚ್ ಮಾಡುವ ವಿಧಾನವನ್ನೂ ನೋಡಿ ಆರಿಸಿ: ಚರ್ಮವಾದ್ಯಕ್ಕೆ ಪೆಟ್ಟುಗಳನ್ನು ಗುರುತಿಸಿ ಸೀಳುವ ಮೋಡ್, ದನಿಗೆ ಫಾರ್ಮಂಟ್ (ದನಿಯ ಬಣ್ಣ) ಉಳಿಸುವ ಮೋಡ್. ಹಿಗ್ಗಿಸುವುದು ಶೇ. 5ರ ಒಳಗಿದ್ದರೆ ಒಳ್ಳೆಯದು. ಅದನ್ನು ಮೀರುವುದಾದರೆ ರೆಕಾರ್ಡಿಂಗನ್ನು ಹಿಂಸಿಸುವ ಬದಲು ಪ್ರಾಜೆಕ್ಟಿನ ವೇಗವನ್ನೇ ಅದರ ಹಿಂದೆ ಬದಲಾಯಿಸುತ್ತ ಹೋಗಿ.

ಹಲಗಿಯ ಶ್ರುತಿಯೂ ನಿಂತಲ್ಲಿ ನಿಲ್ಲುವುದಿಲ್ಲ. ಚರ್ಮದ ಹಲಗಿಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುತ್ತಾರೆ. ಆರಿದಂತೆ ಅದು ಸಡಿಲಾಗಿ ಸ್ವರ ಇಳಿಯುತ್ತದೆ. ಬೆಳಗಾವಿಯ ಮಳೆಗಾಲದ ತೇವದಲ್ಲಿ ಇಳಿಯುವ ವೇಗ ವಿಜಯಪುರದ ಒಣ ಬಿಸಿಲಲ್ಲಿ ಇರುವುದಿಲ್ಲ. ಆದ್ದರಿಂದ ಒಂದೇ ಹಾಡಿನ ಎಲ್ಲ ಹಲಗಿ ಟೇಕ್‌ಗಳನ್ನೂ ಕಾಯಿಸಿದ ಕೂಡಲೇ ಮುಗಿಸಿ, ಇಲ್ಲವೇ ಪ್ರತಿ ಟೇಕಿಗೂ ಮತ್ತೆ ಕಾಯಿಸಿ. ಬಿಗಿ ಹಲಗಿಯ ಟೇಕಿಗೆ ಸಡಿಲ ಹಲಗಿಯ ಟೇಕ್ ಅಂಟಿಸಿದರೆ ಜೋಡಣೆ ಎಲ್ಲಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಫೈಬರ್ ಹಾಳೆಯ ಹಲಗಿಗೆ ಈ ಕಾಟವಿಲ್ಲ, ಆದರೆ ಅದರ ನಡುವಿನ ಮೈ ತೆಳು. ರೆಕಾರ್ಡಿಂಗಿಗೆ ನಾವು ಚರ್ಮದ್ದನ್ನೇ ಹೇಳುತ್ತೇವೆ.

ತಳಕ್ಕೆ ಒಬ್ಬನೇ ಯಜಮಾನ

40ರಿಂದ 100 ಹರ್ಟ್ಝ್‌ವರೆಗಿನ ಪಟ್ಟಿಯಲ್ಲಿ ಒಂದು ಗಳಿಗೆಗೆ ಒಂದೇ ವಾದ್ಯ ಇರಬೇಕು. ಇಡೀ ಲೇಖನದಲ್ಲಿ ಒಂದೇ ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ. ಜಾನಪದ ಡಿಜೆ ಟ್ರ್ಯಾಕ್‌ನಲ್ಲಿ ಈ ಪಟ್ಟಿಗೆ ಹಕ್ಕು ಕೇಳುವವರು ಮೂವರು: ಕಿಕ್, ಸಬ್ ಬೇಸ್ (ಅತಿ ಆಳದ ಬೇಸ್), ಡೊಳ್ಳು. ಡೊಳ್ಳಿನ ಗುಮ್ಮು ಎಲ್ಲಿದೆ ಎಂಬುದು ಅದರ ಗಾತ್ರ, ಚರ್ಮದ ಬಿಗಿತದ ಮೇಲೆ ಹೋಗುತ್ತದೆ. ಒಂದೇ ಪೆಟ್ಟನ್ನು ಲೂಪ್ ಮಾಡಿ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ಅತಿ ಎತ್ತರದ ಗುಡ್ಡ ಎಲ್ಲಿದೆ ನೋಡಿ, ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕಿಕ್‌ಗೂ ಹಾಗೇ ಮಾಡಿ.

ಈಗ ಹಾಡನ್ನು ಭಾಗಗಳಾಗಿ ನೋಡಿ. ದನಿ ಇರುವ ನುಡಿಗಳಲ್ಲಿ ಕಿಕ್ ಮತ್ತು ಸಬ್ ಸರದಿಯ ಮೇಲೆ ತಳ ಹಿಡಿಯಲಿ. ಡೊಳ್ಳು ಇರಲೇಬೇಕೆಂದರೆ ಅದಕ್ಕೆ 110–120 ಹರ್ಟ್ಝ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್) ಹಾಕಿ ಕೋಲಿನ ಪೆಟ್ಟನ್ನಷ್ಟೇ ಉಳಿಸಿ. ಡೊಳ್ಳೇ ಮೆರೆಯಬೇಕಾದ ಕಡೆ ಸಬ್ ಪೂರ್ತಿ ನಿಲ್ಲಲಿ, ಕಿಕ್‌ಗೆ 90 ಹರ್ಟ್ಝ್ ಹೈಪಾಸ್ ಹಾಕಿ 3 ಕಿಲೋಹರ್ಟ್ಝ್ ಸುತ್ತಲ ‘ಟಕ್’ ಮಾತ್ರ ಡೊಳ್ಳಿನ ಪೆಟ್ಟಿಗೆ ಮೊನೆಯಾಗಲಿ. ಎರಡರ ತಳವನ್ನೂ ಉಳಿಸಿ ಸೇರಿಸಿದರೆ ಏನಾಗುತ್ತದೆ? ಡೊಳ್ಳಿನ ಪೆಟ್ಟು ಗ್ರಿಡ್ಡಿಗಿಂತ ಕೆಲವು ಮಿಲಿಸೆಕೆಂಡ್ ಹಿಂದೆ ಮುಂದೆ ಬೀಳುತ್ತಿರುತ್ತದೆ. 60 ಹರ್ಟ್ಝ್ ಅಲೆಗೆ ಒಂದು ಸುತ್ತು 16.7 ಮಿಲಿಸೆಕೆಂಡ್, ಅರ್ಧ ಸುತ್ತಿನಷ್ಟು, ಅಂದರೆ ಸುಮಾರು 8 ಮಿಲಿಸೆಕೆಂಡ್ ತಪ್ಪಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದು ಪೆಟ್ಟು ಎದೆಗೆ ಗುದ್ದುತ್ತದೆ, ಮುಂದಿನದು ಟೊಳ್ಳು. ಇದನ್ನು ಜೋರಿನದನ್ನು ತಗ್ಗಿಸುವ ಕಂಪ್ರೆಸರ್‌ನಿಂದ ಸಮ ಮಾಡಲು ಹೋದವರು ಇಡೀ ದಿನ ಕಳೆಯುತ್ತಾರೆ.

ಬೇಸ್ ಸ್ವರದ ಆಯ್ಕೆಯೂ ಅರೇಂಜ್‌ಮೆಂಟ್‌ನದೇ ಭಾಗ. ಪೇಟಿ (ಹಾರ್ಮೋನಿಯಂ) ಹಿಡಿದವರು ‘ಕರಿ ಎರಡು’ ಎಂದರು ಅನ್ನಿ, ಅಂದರೆ ಷಡ್ಜ ಎರಡನೇ ಕರಿ ಕೀಲಿ ಡಿ ಶಾರ್ಪ್‌ನಲ್ಲಿದೆ. ಅದರ ಕೆಳ ಸಪ್ತಕಗಳು 38.9 ಮತ್ತು 77.8 ಹರ್ಟ್ಝ್. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಕಟ್ಟುವ 18 ಇಂಚಿನ ಬೇಸ್ ಬಾಕ್ಸ್‌ಗಳಲ್ಲಿ 40 ಹರ್ಟ್ಝ್‌ಗಿಂತ ಕೆಳಗೆ ಬಲ ಬೇಗ ಇಳಿಯುತ್ತದೆ, ಸ್ಪೀಕರ್ ಹರಿಯದಿರಲೆಂದು ಆಪರೇಟರ್ ಅಲ್ಲೇ ಹೈಪಾಸ್ ಕೂಡ ಹಾಕಿರುತ್ತಾರೆ. ಹಾಗಾಗಿ 38.9ರ ಸ ಹೆಡ್‌ಫೋನಿನಲ್ಲಿ ಎಷ್ಟೇ ಚೆನ್ನಾಗಿದ್ದರೂ ಮೆರವಣಿಗೆಯಲ್ಲಿ ಮಾಯ. ಈ ಶ್ರುತಿಯಲ್ಲಿ ಪಂಚಮ ಎ ಶಾರ್ಪ್, 58.3 ಹರ್ಟ್ಝ್, ಇದು ಬಾಕ್ಸಿಗೆ ಹೇಳಿ ಮಾಡಿಸಿದ ಜಾಗ. ಬೇಸ್ ಸಾಲನ್ನು 58.3ರ ಪ, 77.8ರ ಸ ಇವೆರಡರ ಸುತ್ತ ಹೆಣೆಯಿರಿ. ಶ್ರುತಿ ಕರಿ ಒಂದಾದರೆ ಸ 34.6 ಮತ್ತು 69.3, ಪ 51.9. ಬಿಳಿ ನಾಲ್ಕಾದರೆ ಸ ನೇರ 43.7ಕ್ಕೆ ಬರುತ್ತದೆ, ಅಂಚಿನಲ್ಲಾದರೂ ನಿಭಾಯಿಸುತ್ತದೆ. ಹಾಡುವವರ ಶ್ರುತಿಯನ್ನು ಬಾಕ್ಸಿಗಾಗಿ ಬದಲಿಸಬೇಡಿ. ಬದಲಾಗಬೇಕಾದ್ದು ಬೇಸ್ ಸಾಲು.

ಕಿಕ್‌ನ ಬಾಲ 180–200 ಮಿಲಿಸೆಕೆಂಡಿಗೆ ಮುಗಿಯಲಿ. ಬೇಸ್ ಅದಾದ ಮೇಲೆ, ಅಂದರೆ ಮೂರರ ನಡೆಯಲ್ಲಿ 333ನೇ ಮಿಲಿಸೆಕೆಂಡಿನ ಪೆಟ್ಟಿಗೆ ಎದ್ದರೆ ಇಬ್ಬರಿಗೂ ಜಗಳವಿಲ್ಲ, ಸೈಡ್‌ಚೈನ್ (ಒಂದು ವಾದ್ಯ ಬಂದಾಗ ಇನ್ನೊಂದು ತಾನಾಗಿ ತಗ್ಗುವಂತೆ ಮಾಡುವುದು) ಕೂಡ ಬೇಕಾಗುವುದಿಲ್ಲ. ಉದ್ದ ಎಳೆಯುವ ಬೇಸ್ ಬೇಕೇ ಬೇಕೆಂದರೆ ಸೈಡ್‌ಚೈನ್ ಕಂಪ್ರೆಸರ್ ಹಾಕಿ: ರೇಶಿಯೊ (ತಗ್ಗಿಸುವ ಪ್ರಮಾಣ) 4:1, ಅಟ್ಯಾಕ್ (ತಗ್ಗಲು ಹಿಡಿಯುವ ಸಮಯ) 1 ಮಿಲಿಸೆಕೆಂಡ್, ರಿಲೀಸ್ (ಮರಳಿ ಏಳುವ ಸಮಯ) 120ರಿಂದ 150, ತಗ್ಗುವುದು 4–6 ಡಿಬಿ. ರಿಲೀಸ್ 400 ದಾಟಿದರೆ ಮುಂದಿನ ಕಿಕ್ ಬರುವವರೆಗೂ ಬೇಸ್ ಮೇಲೇಳುವುದೇ ಇಲ್ಲ, ತಳ ಬರಿದಾಗುತ್ತದೆ.

ಇದೇ ಬೇಸ್ ಫೋನಿನಲ್ಲೂ ಕೇಳಬೇಕು. ಫೋನಿನ ಸ್ಪೀಕರ್‌ಗೆ 58 ಹರ್ಟ್ಝ್ ಹೊರಡಿಸುವ ತಾಕತ್ತಿಲ್ಲ. ಸಬ್‌ನ ಒಂದು ಪ್ರತಿ ಮಾಡಿ, ಸ್ಯಾಚುರೇಶನ್ (ಹೊಸ ಮೇಲುಸ್ವರ ಹುಟ್ಟಿಸುವ ಹದವಾದ ಒಡಕು) ಕೊಟ್ಟು, 150 ಹರ್ಟ್ಝ್ ಹೈಪಾಸ್ ಹಾಕಿ ಮೆಲ್ಲಗೆ ಸೇರಿಸಿ. 58.3ರ ಮೂರು, ನಾಲ್ಕು, ಐದನೇ ಹಾರ್ಮೋನಿಕ್‌ಗಳು 175, 233, 292ರಲ್ಲಿ ಹುಟ್ಟುತ್ತವೆ. ಅವನ್ನು ಕೇಳಿದ ಮೆದುಳು ಇಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ರಾತ್ರಿ 10ರ ನಂತರ ಧ್ವನಿವರ್ಧಕ ಬಾರದೆಂಬ ನಿಯಮಕ್ಕೆ ಹೆದರಿ ಮುಂಚಿತವಾಗಿಯೇ ಸೆಟ್ಟಿನ ಧ್ವನಿ ಇಳಿಸಿದಾಗಲೂ ಕೈಹಿಡಿಯುವುದು ಇದೇ ಪದರ: ಧ್ವನಿ ತಗ್ಗಿದಷ್ಟೂ ಕಿವಿಗೆ ಮೊದಲು ಕಾಣೆಯಾಗುವುದು ಆಳದ ಬೇಸ್.

ಬಾರು ಬಾರಾಗಿ

120 ಬಿಪಿಎಂನಲ್ಲಿ ಒಂದು ಬಾರ್ 2 ಸೆಕೆಂಡ್, 8 ಬಾರ್ 16 ಸೆಕೆಂಡ್. ಒಟ್ಟು 104 ಬಾರ್ ಇಟ್ಟರೆ 3 ನಿಮಿಷ 28 ಸೆಕೆಂಡಿನ ಹಾಡು. ಅದನ್ನು ಹೀಗೆ ಹಂಚಬಹುದು.

ಮೊದಲ 8 ಬಾರ್ ಹಲಗಿ ಒಂದೇ. 5ನೇ ಬಾರಿನಿಂದ ಕಿಕ್ ಬರಲಿ, ಆದರೆ ತಳ ಕತ್ತರಿಸಿಕೊಂಡು. 9ರಿಂದ 24 ಪಲ್ಲವಿ: ಪೂರ್ತಿ ಕಿಕ್, ಬೇಸ್, ದನಿ, ಹಲಗಿ ಹಿಂದೆ ಸರಿದು ತೆಳ್ಳನೆಯ ನಡೆ ಮಾತ್ರ ಬಾರಿಸಲಿ. 25ರಿಂದ 32 ಸನಾದಿಯ (ಶಹನಾಯಿಯಂಥ ಊದುವಾದ್ಯ) ಹುಕ್, ಅಂದರೆ ಕಿವಿಯಲ್ಲಿ ಉಳಿಯುವ ತುಣುಕು. 33ರಿಂದ 48 ಮೊದಲ ನುಡಿ. 49ರಿಂದ 56 ಬಿಲ್ಡ್ (ಕುತೂಹಲ ಏರಿಸುವ ಭಾಗ). 57ರಿಂದ 72 ಡ್ರಾಪ್ (ತಾಳ ಪೂರ್ತಿ ಬಲದಿಂದ ಬೀಳುವ ಭಾಗ), ಡೊಳ್ಳಿನದು. 73ರಿಂದ 80 ಎಲ್ಲ ನಿಂತು ಚೌಡಿಕೆ (ಜಾನಪದ ತಂತಿವಾದ್ಯ) ಮತ್ತು ದನಿ. 81ರಿಂದ 96 ಎರಡನೇ ನುಡಿ, ಪಲ್ಲವಿ. ಕೊನೆಯ 8 ಮತ್ತೆ ಹಲಗಿ, ಕಿಕ್.

ಡಿಜೆಗಳಿಗೆ ಕೊಡುವ ಪ್ರತಿಯಲ್ಲಿ ಮೊದಲ 8ರ ಜಾಗಕ್ಕೆ 16 ಬಾರ್ ಬರೀ ತಾಳ ಇಡಿ. ಹಿಂದಿನ ಹಾಡಿನಿಂದ ಜೋಡಿಸಿಕೊಳ್ಳಲು ಅವರಿಗೆ 32 ಸೆಕೆಂಡ್ ಬೇಕಾಗುತ್ತದೆ. ಯೂಟ್ಯೂಬ್ ಪ್ರತಿಯಲ್ಲಿ ಅಷ್ಟು ಕಾಯುವವರಿಲ್ಲ, 4 ಬಾರ್ ಸಾಕು.

ಈ ನಕ್ಷೆಯ ಜೀವಾಳ ಹಿಮ್ಮೇಳ. ನಮ್ಮ ಹಾಡುಗಳಲ್ಲಿ ಮುಂದಾಳು ಹೇಳಿದ ಸಾಲನ್ನು ಹಿಮ್ಮೇಳ ತಿರುಗಿ ಹೇಳುತ್ತದೆ, ಅಂದರೆ ಪ್ರತಿ ಸಾಲೂ ಎರಡು ಸಲ ಬರುತ್ತದೆ. ಸಿಂಥ್ ಇಟ್ಟು ತುಂಬಲು ನೋಡುವ ಬದಲು ಈ ರಚನೆಯನ್ನೇ ದುಡಿಸಿಕೊಳ್ಳಿ. ಮುಂದಾಳಿನ ಸಾಲಿಗೆ ಕಿಕ್, ಬೇಸ್, ಒಂದು ಹಲಗಿ ಮಾತ್ರ, ಎಲ್ಲವೂ ನಡುವಿನಲ್ಲಿ. ಹಿಮ್ಮೇಳಕ್ಕೆ ಎರಡನೇ ಹಲಗಿ, ಪ್ಯಾಡ್, ಶೇಕರ್ ಸೇರಿ ಎಡಬಲ ತೆರೆದುಕೊಳ್ಳಲಿ. ಹಿಮ್ಮೇಳದ ದನಿಗಳನ್ನೂ ಶೇ. 50–70ರಷ್ಟು ಬದಿಗಳಿಗೆ ಸರಿಸಿ. ಒಂದು ಫೇಡರ್ (ಮಟ್ಟ ಏರಿಸಿ ಇಳಿಸುವ ಹಿಡಿ) ಮುಟ್ಟದೆ, ಬರೀ ವಾದ್ಯ ಕೂಡಿಸಿ ಕಳೆದು, ಹಾಡು ಪ್ರತಿ ನಾಲ್ಕು ಬಾರ್‌ಗೊಮ್ಮೆ ಉಸಿರಾಡುತ್ತದೆ. ಮುಂದಾಳಿನ ಮಾತು ಅಕ್ಷರ ಬಿಡದೆ ಕೇಳುತ್ತದೆ, ಏಕೆಂದರೆ ಅದನ್ನು ಮುಚ್ಚುವವರು ಆಗ ಯಾರೂ ಇರುವುದಿಲ್ಲ.

ಸನಾದಿ ಇರುವೆಡೆ ಇನ್ನೂ ಎಚ್ಚರ ಬೇಕು. ಕರಡಿ ಮಜಲಿನಲ್ಲಿ (ನಮ್ಮ ಕಡೆಯ ಜಾನಪದ ವಾದ್ಯಮೇಳ) ಕೇಳಿದವರಿಗೆ ಅದರ ತೀಕ್ಷ್ಣತೆ ಗೊತ್ತು. 1ರಿಂದ 4 ಕಿಲೋಹರ್ಟ್ಝ್‌ನಲ್ಲಿ ಅದು ಎಷ್ಟು ತುಂಬಿರುತ್ತದೆಂದರೆ ದನಿಗೂ ಸಿಂಥ್ ಲೀಡಿಗೂ ಅಲ್ಲಿ ಜಾಗ ಉಳಿಯುವುದಿಲ್ಲ. ಕಿವಿ ಅತಿ ಸೂಕ್ಷ್ಮವಾಗಿರುವುದೂ 3–4 ಕಿಲೋಹರ್ಟ್ಝ್ ಆಸುಪಾಸಿನಲ್ಲೇ. ಸನಾದಿ ಮತ್ತು ದನಿ ಒಟ್ಟಿಗೆ ಬಾರದಿರಲಿ: ಸಾಲು ಮುಗಿದ ಮೇಲೆ ಸನಾದಿ ಉತ್ತರ ಕೊಡಲಿ. ಸಿಂಥ್ ಲೀಡ್ ಸನಾದಿಯ ರಾಗವನ್ನೇ ಹಿಡಿಯುವುದಾದರೆ ಒಂದು ಸಪ್ತಕ ಕೆಳಗೆ, 2 ಕಿಲೋಹರ್ಟ್ಝ್ ಲೋಪಾಸ್ (ಅದಕ್ಕಿಂತ ಮೇಲಿನದನ್ನು ಕತ್ತರಿಸುವ ಫಿಲ್ಟರ್) ಹಾಕಿಕೊಂಡು ಹಿಡಿಯಲಿ.

ಬಿಲ್ಡ್‌ಗೆ ಎಲ್ಲರೂ ಹಾಕುವ ಸ್ನೇರ್ ರೋಲ್, ‘ವೈಟ್ ನಾಯ್ಸ್’ ಸುಯ್ಯೆನ್ನುವ ಏರಿಕೆ ಹಾಕಲೇಬೇಕೆಂದಿಲ್ಲ. ಹಲಗಿ ಮೇಳದಲ್ಲಿ ಮುಂದಾಳಿನ ಸನ್ನೆಗೆ ಎಲ್ಲ ಹಲಗಿಗಳೂ ಒಮ್ಮೆಲೆ ನಿಂತು, ಹೊಸ ನಡೆ ಹಿಡಿದು ಮತ್ತೆ ಏಳುವ ಪದ್ಧತಿ ಇದೆ. ಆ ನಿಲುಗಡೆಗಿಂತ ಬಲವಾದ ಡ್ರಾಪ್ ಯಾವ ಸ್ಯಾಂಪಲ್ ಪ್ಯಾಕ್‌ನಲ್ಲೂ ಸಿಗುವುದಿಲ್ಲ. 49ನೇ ಬಾರಿನಿಂದ ತಳಕ್ಕೆ ಹೈಪಾಸ್ ಏರಿಸುತ್ತ 150 ಹರ್ಟ್ಝ್‌ವರೆಗೆ ತನ್ನಿ, ಒಟ್ಟು ಮಟ್ಟವನ್ನು ನಿಧಾನವಾಗಿ 1.5 ಡಿಬಿ ಇಳಿಸಿ, 56ನೇ ಬಾರಿನ ಕೊನೆಯ ಎರಡು ಬೀಟಿಗೆ ಎಲ್ಲವನ್ನೂ ನಿಲ್ಲಿಸಿ. ರಿವರ್ಬ್‌ನ (ಮಾರ್ದನಿಯ ಎಫೆಕ್ಟ್) ಬಾಲವೂ ಆ ಒಂದು ಸೆಕೆಂಡಿನಲ್ಲಿ ಕತ್ತರಿಸಬೇಕು. 57ಕ್ಕೆ ಎಲ್ಲ ಮಟ್ಟ ಹಿಂದಿರುಗಿದಾಗ ಜನಕ್ಕೆ ಅದು 1.5 ಡಿಬಿ ಎಂದು ಅನಿಸುವುದೇ ಇಲ್ಲ.

73ನೇ ಬಾರಿನ ಚೌಡಿಕೆಯ ಭಾಗ ಚಿಕ್ಕದು, ಆದರೆ ಅಲ್ಲಿಯೇ ರೆಕಾರ್ಡಿಂಗಿನ ದೋಷವೆಲ್ಲ ಬಯಲಾಗುತ್ತದೆ. ಕಿಕ್ ಇದ್ದಾಗ ಅಡಗಿದ್ದ 50 ಹರ್ಟ್ಝ್ ವಿದ್ಯುತ್ ಗುಂಯ್‌ಗುಟ್ಟುವಿಕೆ, ಅದರ 100, 150ರ ಮರಿಗಳು, ಫ್ಯಾನಿನ ಸದ್ದು ಈಗ ಮೇಲೆ ಬರುತ್ತವೆ. ಸಣ್ಣ ಅಗಲದ ನಾಚ್ (ಒಂದೇ ಫ್ರೀಕ್ವೆನ್ಸಿಯನ್ನು ತೆಗೆಯುವ ಫಿಲ್ಟರ್) ಹಾಕಿ ಅವನ್ನು ತೆಗೆಯಬಹುದು. ಮುಂದಿನ ಸಲ ಇನ್ವರ್ಟರ್ ಕರೆಂಟಿನಲ್ಲಿ ರೆಕಾರ್ಡ್ ಮಾಡದೆ, ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿದರೆ ಅರ್ಧ ತೊಂದರೆ ಇರುವುದಿಲ್ಲ.

ಈಗ ಫೇಡರ್

ಇಷ್ಟಾದ ಮೇಲೆ ಮಿಕ್ಸ್. ಮಾಸ್ಟರ್ ಮೇಲಿನ ಲಿಮಿಟರ್ ತೆಗೆದುಹಾಕಿ. ಎಫ್‌ಎಲ್ ಸ್ಟುಡಿಯೊದ ‘ಬೇಸಿಕ್ ವಿತ್ ಲಿಮಿಟರ್’ ಟೆಂಪ್ಲೇಟ್ ತೆರೆದವರು ಅದು ಅಲ್ಲಿದೆ ಎಂಬುದನ್ನೇ ಮರೆತಿರುತ್ತಾರೆ. ಎಲ್ಲ ಫೇಡರ್ ಕೆಳಗಿಳಿಸಿ, ಪಲ್ಲವಿ ಭಾಗವನ್ನು ಲೂಪ್ ಹಾಕಿ, ಕಿಕ್‌ನ ಪೀಕ್ (ಅತಿ ಜೋರಿನ ಮಟ್ಟ) ಮೈನಸ್ 10 ಡಿಬಿಗೆ ತನ್ನಿ. ಆಮೇಲೆ ಬೇಸ್, ಹಲಗಿ. ನಂತರ ದನಿಯನ್ನು ಇವುಗಳ ಮೇಲೆ ಕೂರಿಸಿ. ಉಳಿದದ್ದೆಲ್ಲ ದನಿಯನ್ನು ನೋಡಿಕೊಂಡು ಏರಬೇಕು. ಮಾಸ್ಟರ್ ಪೀಕ್ ಮೈನಸ್ 6 ಆಸುಪಾಸಿನಲ್ಲಿ ನಿಂತರೆ ಸರಿ.

ಹಲಗಿಯಲ್ಲಿ ದಪ್ಪ ಕೋಲಿನ ಪೆಟ್ಟು, ತೆಳ್ಳನೆಯ ಕಡ್ಡಿಯ ಪೆಟ್ಟು ಎರಡನ್ನೂ ಬೇರೆಯಾಗಿ ಕೇಳಿಸಿಕೊಳ್ಳಿ. ದಪ್ಪ ಕೋಲಿನ ಮೈ 200–400 ಹರ್ಟ್ಝ್‌ನಲ್ಲಿ, ಕಡ್ಡಿಯ ಚಟಚಟ 3 ಕಿಲೋಹರ್ಟ್ಝ್‌ನಿಂದ ಮೇಲೆ. 300ರ ಸುತ್ತ ಅಗಲವಾಗಿ 2–3 ಡಿಬಿ ತೆಗೆದರೆ ದನಿಗೆ ಉಸಿರು ಬರುತ್ತದೆ. ಮೇಲಿನದನ್ನು ಕಾಯಂ ಕತ್ತರಿಸಬೇಡಿ: ಹಲಗಿ ಹಲಗಿಯಾಗಿ ಉಳಿಯುವುದೇ ಅದರಿಂದ. ಡೈನಮಿಕ್ ಇಕ್ಯೂ ಹಾಕಿ, ದನಿಯಿಂದ ಸೈಡ್‌ಚೈನ್ ಮಾಡಿ, ಹಾಡುವಾಗಷ್ಟೇ 2.5–4 ಕಿಲೋಹರ್ಟ್ಝ್ 3 ಡಿಬಿ ತಗ್ಗುವಂತೆ ಮಾಡಿ.

ಹಲಗಿಯನ್ನು ಅಗಲ ಮಾಡಲು ಒಂದು ಪ್ರತಿಯನ್ನು 15 ಮಿಲಿಸೆಕೆಂಡ್ ತಡವಾಗಿಸಿ ಇನ್ನೊಂದು ಬದಿಗೆ ಹಾಕುವ ಉಪಾಯ ಬಹಳ ಚಾಲ್ತಿಯಲ್ಲಿದೆ. ಮೆರವಣಿಗೆಯ ಸೆಟ್ಟುಗಳು ಸಾಮಾನ್ಯವಾಗಿ ಮೋನೊ, ಅಂದರೆ ಎಡಬಲ ಎರಡೂ ಸೇರಿ ಒಂದೇ. ಅಲ್ಲಿ ಎರಡೂ ಸೇರಿದಾಗ 33, 100, 167 ಹರ್ಟ್ಝ್ ಹೀಗೆ ಸಮ ಅಂತರದಲ್ಲಿ ಗುಂಡಿ ಬಿದ್ದು ಡಬ್ಬಿಯೊಳಗೆ ಬಾರಿಸಿದಂತೆ ಕೇಳುತ್ತದೆ. ಎರಡು ಬೇರೆ ಟೇಕ್ ತೆಗೆದು ಎಡಕ್ಕೊಂದು ಬಲಕ್ಕೊಂದು ಶೇ. 50ಕ್ಕೆ ಇಟ್ಟರೆ ಆ ಅಪಾಯವಿಲ್ಲ. 120 ಹರ್ಟ್ಝ್‌ಗಿಂತ ಕೆಳಗಿನದೆಲ್ಲ ಮೋನೊ ಇರಲಿ.

ದನಿ ವಾಟ್ಸಾಪ್ ವಾಯ್ಸ್ ನೋಟ್ ಆಗಿ ಬಂದಿದ್ದರೆ ವಾಪಸ್ ಕೇಳಿ. ಅದು ಮಾತಿಗೆಂದು ಕುಗ್ಗಿಸಿದ ಫೈಲ್, ಕಳೆದುಹೋದ ಮೇಲಿನ ಭಾಗವನ್ನು ಯಾವ ಪ್ಲಗಿನ್ನೂ ತಂದುಕೊಡದು. ವೇವ್ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಗಂಡು ದನಿಗೆ 90–100, ಹೆಣ್ಣು ದನಿಗೆ 120–150 ಹರ್ಟ್ಝ್ ಹೈಪಾಸ್. ಕಂಪ್ರೆಶನ್ ಒಂದೇ ಏಟಿಗೆ 8 ಡಿಬಿ ಬೇಡ. ಮೊದಲು 3:1, ಅಟ್ಯಾಕ್ 15 ಮಿಲಿಸೆಕೆಂಡ್, 3–4 ಡಿಬಿ. ಆಮೇಲೆ ವೇಗದ ಎರಡನೆಯದು, ಅಟ್ಯಾಕ್ 1–2, ಇನ್ನು 2–3 ಡಿಬಿ. ಜಾನಪದ ದನಿ ಸ್ವರದಿಂದ ಸ್ವರಕ್ಕೆ ಜಾರುತ್ತ ಏರುತ್ತದೆ. ಪಿಚ್ ತಿದ್ದುವ ಪ್ಲಗಿನ್ನಿನ ವೇಗ ಸೊನ್ನೆಗೆ ಇಟ್ಟರೆ ಆ ಜಾರುವಿಕೆ ಮೆಟ್ಟಿಲಾಗಿ ಮುರಿಯುತ್ತದೆ. 40 ಮಿಲಿಸೆಕೆಂಡ್‌ಗಿಂತ ನಿಧಾನ ಇಡಿ, ಇಲ್ಲವೇ ತಪ್ಪಿದ ಸ್ವರವನ್ನಷ್ಟೇ ಕೈಯಿಂದ ತಿದ್ದಿ. ಈ ದನಿಗಳನ್ನು ಯಂತ್ರದ ನೇರಕ್ಕೆ ಎಳೆಯುವುದು ನಮಗೆ ನಿಜಕ್ಕೂ ಬೇಸರ ತರುವ ಸಂಗತಿ.

ರಿವರ್ಬ್ ಕಡಿಮೆ ಇರಲಿ. ಗಲ್ಲಿಯಲ್ಲಿ 17 ಮೀಟರ್ ದೂರದ ಗೋಡೆಗೆ ಬಡಿದ ಧ್ವನಿ ಸುಮಾರು 100 ಮಿಲಿಸೆಕೆಂಡಿಗೆ ಹಿಂದಿರುಗುತ್ತದೆ. ಊರೇ ರಿವರ್ಬ್ ಕೊಡುತ್ತದೆ. ಪ್ರೀ-ಡಿಲೇ (ರಿವರ್ಬ್ ಶುರುವಾಗುವ ಮೊದಲಿನ ಅಂತರ) 50 ಮಿಲಿಸೆಕೆಂಡ್, ಬಾಲ 1.2 ಸೆಕೆಂಡ್, ರಿವರ್ಬ್ ಚಾನೆಲ್ ಮೇಲೆ 300 ಹರ್ಟ್ಝ್ ಹೈಪಾಸ್, 6 ಕಿಲೋಹರ್ಟ್ಝ್ ಲೋಪಾಸ್ ಸಾಕು.

ಕೋಣೆ ಹೇಳುವ ಸುಳ್ಳು

10×12 ಅಡಿಯ ಆರ್‌ಸಿಸಿ ಕೋಣೆ, ಕೆಳಗೆ ಫರಸಿ, ಎತ್ತರವೂ 10 ಅಡಿ: ನಮ್ಮ ಕಡೆ ಇಂಥ ಕೋಣೆಯೇ ಹೆಚ್ಚು. ಎದುರುಬದುರಿನ ಗೋಡೆಗಳ ನಡುವೆ ನಿಲ್ಲುವ ಅಲೆಯ ಫ್ರೀಕ್ವೆನ್ಸಿ, ಧ್ವನಿಯ ವೇಗವನ್ನು ಅಂತರದ ಎರಡರಷ್ಟರಿಂದ ಭಾಗಿಸಿದರೆ ಸಿಗುತ್ತದೆ. 10 ಅಡಿಗೆ 56 ಹರ್ಟ್ಝ್, 12 ಅಡಿಗೆ 47. ಅಗಲ, ಎತ್ತರ ಎರಡೂ 10 ಆದ್ದರಿಂದ 56ರ ಉಬ್ಬರ ಇಮ್ಮಡಿ. ಮೇಲೆ ಹೇಳಿದ ಕರಿ ಎರಡರ ಪಂಚಮ 58.3 ನೆನಪಿದೆಯಲ್ಲ? ಗೋಡೆಗೆ ಒರಗಿ ಕೂತರೆ ಆ ಸ್ವರ ಮಾತ್ರ ಅಬ್ಬರಿಸುತ್ತದೆ, ನೀವು ಅದನ್ನು ಕತ್ತರಿಸುತ್ತೀರಿ, ಬಯಲಲ್ಲಿ ಬೇಸ್ ಇರುವುದಿಲ್ಲ. ಕೋಣೆಯ ನಟ್ಟನಡುವೆ ಕೂತರೆ ಅದು ಕೇಳುವುದೇ ಇಲ್ಲ, ನೀವು ಏರಿಸುತ್ತೀರಿ, ಬಯಲಲ್ಲಿ ಅದೊಂದೇ ಗುಮ್ಮುತ್ತದೆ. ಉದ್ದದ ಕಡೆಗೆ ಮುಖಮಾಡಿ, ಮುಂದಿನ ಗೋಡೆಯಿಂದ ಉದ್ದದ ಶೇ. 38ರಲ್ಲಿ, ಅಂದರೆ ಸುಮಾರು ನಾಲ್ಕೂವರೆ ಅಡಿಯಲ್ಲಿ ಕುರ್ಚಿ ಹಾಕಿ ನೋಡಿ. ಉದ್ದದ ಅಲೆಗೆ ಅದು ಒಳ್ಳೆಯ ಶುರು.

ಗೋಡೆಗೆ ಕೌದಿ ತೂಗುಹಾಕುವುದರಿಂದ ಚಪ್ಪಾಳೆಯ ಮಾರ್ದನಿ ಹೋಗುತ್ತದೆ, ಬೇಸ್‌ಗೆ ಅದರಿಂದ ಏನೂ ಆಗದು. 56 ಹರ್ಟ್ಝ್ ಅಲೆ 6 ಮೀಟರ್ ಉದ್ದ. ಬಟ್ಟೆ ಅದಕ್ಕೆ ಇಲ್ಲದಂತೆಯೇ. ಮೂಲೆಗಳಲ್ಲಿ 6 ಇಂಚು ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಗೋಡೆಯಿಂದ ಸ್ವಲ್ಪ ಬಿಟ್ಟು, ನೆಲದಿಂದ ಮೇಲಿನವರೆಗೆ ನಿಲ್ಲಿಸಿದರೆ ಒಂದಿಷ್ಟು ಹಿಡಿತಕ್ಕೆ ಬರುತ್ತದೆ. ಅಷ್ಟು ಖರ್ಚು ಆಗದಿದ್ದರೆ 100 ಹರ್ಟ್ಝ್ ಕೆಳಗಿನ ತೀರ್ಮಾನವನ್ನೆಲ್ಲ ಹೆಡ್‌ಫೋನಿನಲ್ಲಿ, ಸ್ಪೆಕ್ಟ್ರಮ್ ನೋಡಿಕೊಂಡು ಮಾಡಿ. ಚಿಕ್ಕ ಕೋಣೆಯಲ್ಲಿ 75 ಡಿಬಿಗಿಂತ ಜೋರಾಗಿ ಮಿಕ್ಸ್ ಮಾಡಬೇಡಿ. ಜೋರಿನಲ್ಲಿ ಎಲ್ಲ ಮಿಕ್ಸೂ ಚೆನ್ನಾಗಿ ಕೇಳುತ್ತವೆ. ಹೋಲಿಸಲು ಇಟ್ಟುಕೊಂಡ ಸಿದ್ಧ ಹಾಡನ್ನು ನಿಮ್ಮ ಮಿಕ್ಸ್‌ನ ಮಟ್ಟಕ್ಕೆ, ಬಹುಶಃ 6–8 ಡಿಬಿ, ಇಳಿಸಿದ ಮೇಲೆಯೇ ಹೋಲಿಸಿ.

ಹೊರಗೆ ಕಳಿಸುವಾಗ ಎರಡು ಪ್ರತಿ ಮಾಡಿ. ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಹಾಡಿನ ಸರಾಸರಿ ಜೋರಿನ ಅಳತೆ) ಜೋರಿನದನ್ನು ತಾನೇ ತಗ್ಗಿಸುತ್ತದೆ. ಅದಕ್ಕೆ ಮೈನಸ್ 7ಕ್ಕೆ ಅಮುಕಿದ ಹಾಡು ಅಲ್ಲಿ ಮೈನಸ್ 11ರ ಹಾಡಿಗಿಂತ ಜೋರಾಗಿ ಕೇಳದು, ಹಲಗಿಯ ಮೊನೆ ಮಾತ್ರ ಹೋಗಿರುತ್ತದೆ. ಮೈನಸ್ 12ರಿಂದ 10ರ ನಡುವೆ ನಿಲ್ಲಿಸಿ, ಟ್ರೂ ಪೀಕ್ ಮೈನಸ್ 1. ಡಿಜೆ ಪ್ರತಿ ಮೈನಸ್ 9ರವರೆಗೆ ಹೋಗಬಹುದು. ಬೇಸ್ ಏರಿಸಿ ಕೊಡಬೇಡಿ, ಆಪರೇಟರ್ ಹೇಗೂ ಏರಿಸುತ್ತಾರೆ, ಮೇಲೆ ನಿಮ್ಮದೂ ಸೇರಿದರೆ ಆಂಪ್ಲಿಫೈಯರ್ ಲಿಮಿಟರ್‌ಗೆ ಬಿದ್ದು ತಳವೇ ಕುಗ್ಗುತ್ತದೆ. 24 ಬಿಟ್ ವೇವ್ ಜೊತೆ 320ರ ಎಂಪಿ3 ಕೊಡಿ, ದನಿ ಇಲ್ಲದ ಪ್ರತಿಯನ್ನೂ ಸೇರಿಸಿ. ಫೈಲಿನ ಹೆಸರಿನಲ್ಲೇ ಬಿಪಿಎಂ ಮತ್ತು ಶ್ರುತಿ ಬರೆಯಿರಿ: 120, ಕರಿ 2.